ಪಂದ್ಯ ಹೆಚ್ಚಿತು, ಆಸಕ್ತಿ ಏಕೆ ಇಳಿಯಿತು?

ನಮ್ಮ ಅರ್ಥಶಾಸ್ತ್ರದ ಪಠ್ಯದಲ್ಲಿ ‘ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ’ ಎಂಬ ಪಾಠವಿದೆ. ಹೆಸರು ಉದ್ದ, ವಿಷಯ ಸರಳ. ಬಿಸಿಲಿನಲ್ಲಿ ಬಂದವನಿಗೆ ಮೊದಲ ಲೋಟ ಕಬ್ಬಿನ ಹಾಲು ಅಮೃತ. ಎರಡನೆಯದು ರುಚಿ. ಮೂರನೆಯದಕ್ಕೆ ಸಾಕು ಅನಿಸುತ್ತದೆ. ನಾಲ್ಕನೆಯದನ್ನು ಪುಕ್ಕಟೆ ಕೊಟ್ಟರೂ ಬೇಡ. ಕಬ್ಬಿನ ಹಾಲು ಕೆಟ್ಟಿಲ್ಲ, ಅಂಗಡಿಯೂ ಅದೇ. ಕುಡಿದ ಲೆಕ್ಕ ಹೆಚ್ಚಾಗಿದೆ, ಅಷ್ಟೇ.

“ಈಗ ಟಿ.ವಿ.ಯಲ್ಲಿ ಕ್ರಿಕೆಟ್ ನೋಡಲು ಮನಸ್ಸೇ ಬರುವುದಿಲ್ಲ” ಎಂದು ನಮ್ಮ ತರಗತಿಯಲ್ಲೇ ಹಲವರು ಹೇಳುತ್ತಾರೆ. ಇದಕ್ಕೆ ಕಾರಣವನ್ನು ಆಟಗಾರರಲ್ಲಿ ಹುಡುಕುವ ಬದಲು ಈ ನಿಯಮದಲ್ಲಿ ಹುಡುಕಬಹುದು ಎಂದು ನನಗೆ ತೋರುತ್ತದೆ.

ಎಷ್ಟು ಲೋಟ?

2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆಯಿತು. ಆಗ 8 ತಂಡಗಳು, ವೇಳಾಪಟ್ಟಿಯಲ್ಲಿ 59 ಪಂದ್ಯಗಳು. 2022ರಿಂದ 10 ತಂಡಗಳಾಗಿ ಪಂದ್ಯಗಳು 74ಕ್ಕೆ ಏರಿದವು. ಕಬಡ್ಡಿಯದೂ ಇದೇ ಕಥೆ. ಪ್ರೊ ಕಬಡ್ಡಿ 2014ರಲ್ಲಿ 60 ಪಂದ್ಯಗಳೊಂದಿಗೆ ಸುಮಾರು ಐದು ವಾರಗಳಲ್ಲಿ ಮುಗಿದಿತ್ತು. 2017ರಲ್ಲಿ 12 ತಂಡಗಳು, 138 ಪಂದ್ಯಗಳು, ಮೂರು ತಿಂಗಳು!

ವಿಶ್ವಕಪ್ ಎಂದರೆ ನಾಲ್ಕು ವರ್ಷ ಕಾದು ನೋಡುವ ಹಬ್ಬವಾಗಿತ್ತು. ಆದರೆ ಟಿ20 ಮತ್ತು ಏಕದಿನ ಎರಡನ್ನೂ ಸೇರಿಸಿದರೆ, 2021ರಿಂದ 2024ರವರೆಗೆ ಪುರುಷರ ಕ್ರಿಕೆಟ್‌ನಲ್ಲಿ ಪ್ರತಿ ವರ್ಷವೂ ಒಂದು ವಿಶ್ವಕಪ್ ನಡೆದಿದೆ. ದಿನವೂ ಹಬ್ಬವಾದರೆ ಹೊಸ ಬಟ್ಟೆಗೆ ಬೆಲೆ ಎಲ್ಲಿ?

ಹಣದ ಲೆಕ್ಕ

ಪಂದ್ಯಗಳು ಏಕೆ ಹೆಚ್ಚುತ್ತವೆ? ಇದು ವಾಣಿಜ್ಯ ವಿದ್ಯಾರ್ಥಿಗಳ ಪ್ರಶ್ನೆ. 2018ರಿಂದ 2022ರವರೆಗಿನ ಐಪಿಎಲ್ ಪ್ರಸಾರ ಹಕ್ಕು ₹16,347.5 ಕೋಟಿಗೆ ಮಾರಾಟವಾಗಿತ್ತು. 2023ರಿಂದ 2027ರ ಅವಧಿಗೆ ಅದು ₹48,390 ಕೋಟಿ, ಅಂದರೆ ಸುಮಾರು ಮೂರು ಪಟ್ಟು. 410 ಪಂದ್ಯಗಳ ಲೆಕ್ಕದಲ್ಲಿ ಒಂದು ಪಂದ್ಯಕ್ಕೆ ಸುಮಾರು ₹118 ಕೋಟಿ. ಎರಡೂ ಇನಿಂಗ್ಸ್‌ನ 240 ಎಸೆತಗಳಿಂದ ಭಾಗಿಸಿ ನೋಡಿ: ಒಂದು ಎಸೆತಕ್ಕೆ ಸುಮಾರು ₹49 ಲಕ್ಷ!

ಇಷ್ಟು ಬಂಡವಾಳ ಹಾಕಿದವರು ಅದನ್ನು ವಾಪಸ್ ಪಡೆಯಲೇಬೇಕು. ಅವರಿಗಿರುವ ಮುಖ್ಯ ದಾರಿಗಳು ಎರಡು: ಜಾಹೀರಾತು ಮತ್ತು ನಮ್ಮ ಚಂದಾ ಹಣ. ಆದ್ದರಿಂದ ಓವರ್ ಮುಗಿದರೆ ಜಾಹೀರಾತು, ವಿಕೆಟ್ ಬಿದ್ದರೆ ಜಾಹೀರಾತು. ಇದರ ಮೇಲೆ ಎರಡೂವರೆ ನಿಮಿಷದ ನಾಲ್ಕು ‘ಸ್ಟ್ರಾಟೆಜಿಕ್ ಟೈಮ್ ಔಟ್’. ಔಟಾದ ಬ್ಯಾಟರ್ ಬೌಂಡರಿ ಗೆರೆ ದಾಟುವ ಮೊದಲೇ ಪರದೆಯ ಮೇಲೆ ಪಾನ್ ಮಸಾಲೆಯ ಹೆಸರಿನ ಏಲಕ್ಕಿ ಬಂದಿರುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಾವು ಗ್ರಾಹಕರು ಎಂದುಕೊಂಡಿದ್ದೇವೆ. ಆದರೆ ಜಾಹೀರಾತುದಾರ ಹಣ ಕೊಟ್ಟು ಕೊಳ್ಳುವುದು ನಮ್ಮ ಗಮನವನ್ನು. ಆ ಅಂಗಡಿಯಲ್ಲಿ ಸರಕು ನಾವೇ. ಹಣ ಕಟ್ಟಿ ಆಡುವ ಫ್ಯಾಂಟಸಿ ಆ್ಯಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ತಂಡ ಗೆದ್ದಿತೇ ಎನ್ನುವ ಬದಲು “ನನ್ನ ಪಾಯಿಂಟ್ ಎಷ್ಟು?” ಎಂದು ಹುಡುಗರು ಕೇಳತೊಡಗಿದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಆದರೆ ಅಷ್ಟರಲ್ಲಿ ಎಷ್ಟೋ ಜನರಿಗೆ ಆಟವನ್ನು ಆಟವಾಗಿ ನೋಡುವ ಅಭ್ಯಾಸ ತಪ್ಪಿಹೋಗಿತ್ತು.

ಒಂದು ರೇಡಿಯೊ, ಹಲವು ಮೊಬೈಲ್

ನನ್ನ ದಾದಾ ದರ್ಜಿ ಕೆಲಸ ಮಾಡುತ್ತಿದ್ದವರು. ಅವರ ಕಾಲದಲ್ಲಿ ಅಂಗಡಿಯ ಟ್ರಾನ್ಸಿಸ್ಟರ್ ಸುತ್ತ ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರುತ್ತಿದ್ದರಂತೆ. ನಮ್ಮ ಕರ್ನಾಟಕದ ಜಿ.ಆರ್. ವಿಶ್ವನಾಥ್, ಸೈಯದ್ ಕಿರ್ಮಾನಿ ಅವರ ಹೆಸರು ಹೇಳಿದರೆ ಇಂದಿಗೂ ಅವರ ಮುಖ ಅರಳುತ್ತದೆ. 1983ರ ವಿಶ್ವಕಪ್‌ನಲ್ಲಿ ಕಿರ್ಮಾನಿ ವಿಕೆಟ್ ಹಿಂದೆ ಹೇಗೆ ನಿಂತಿದ್ದರು ಎಂದು ಕಣ್ಣಾರೆ ನೋಡಿದವರಂತೆ ಹೇಳುತ್ತಾರೆ. ಆದರೆ ಈಗಿನ ತಂಡಗಳ ವಿಷಯದಲ್ಲಿ ಅವರು ಕೇಳುವುದು ಒಂದೇ ಪ್ರಶ್ನೆ: “ಕೌನ್ ಜೀತಾ?”

ಅವರಿಗೆ ಕ್ರಿಕೆಟ್ ಬೇಡವಾಗಿಲ್ಲ. ಪಂದ್ಯ ಯಾವ ಚಾನೆಲ್‌ನಲ್ಲಿ, ಯಾವ ಆ್ಯಪ್‌ನಲ್ಲಿ, ಅದಕ್ಕೆ ಯಾವ ರೀಚಾರ್ಜ್ ಎಂಬುದು ಅವರಿಗೆ ತಿಳಿಯುವುದಿಲ್ಲ. ನಾನು ನನ್ನ ಮೊಬೈಲಿನಲ್ಲಿ ಹತ್ತು ನಿಮಿಷದ ಹೈಲೈಟ್ಸ್ ನೋಡಿ ಮುಗಿಸುತ್ತೇನೆ, ಅಬ್ಬಾ ತಮ್ಮ ಮೊಬೈಲಿನಲ್ಲಿ ಸ್ಕೋರ್ ಮಾತ್ರ ನೋಡುತ್ತಾರೆ. ಒಂದೇ ಮನೆಯಲ್ಲಿ ಮೂರು ಜನ ಒಂದೇ ಪಂದ್ಯವನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುತ್ತೇವೆ. ಜೊತೆಯಲ್ಲಿ ಕುಳಿತು ನೋಡುವ ಸಂತೋಷ ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಇಲ್ಲ. ಅದಕ್ಕೇ ಅದು ನಷ್ಟವಾದದ್ದು ಯಾರಿಗೂ ಕಾಣುವುದಿಲ್ಲ.

1995ರಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾಯ್ದೆ 2007ರಲ್ಲಿ ಬಂತು. ಹಣವಿಲ್ಲದವನಿಗೂ ಆಟ ನೋಡುವ ಹಕ್ಕಿದೆ ಎಂಬ ಭಾವನೆ ಇದರ ಹಿಂದಿದೆ. ಆ ಭಾವನೆ ಉಳಿಯಬೇಕು.

ಹಾಗಾದರೆ ಆಸಕ್ತಿ ಸತ್ತೇ ಹೋಯಿತೇ?

ಇಲ್ಲ. 2025ರ ಜೂನ್ 3ರಂದು ಆರ್‌ಸಿಬಿ 18ನೇ ಆವೃತ್ತಿಯಲ್ಲಿ ಮೊದಲ ಸಲ ಕಪ್ ಗೆದ್ದ ರಾತ್ರಿ ನಿದ್ದೆ ಮಾಡಿದವರು ನಮ್ಮಲ್ಲಿ ಕಡಿಮೆ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡಾಗ ಆ ಸಂತೋಷವೇ ದುಃಖವಾಯಿತು. ಆಸಕ್ತಿ ಇಲ್ಲದಿದ್ದರೆ ಅಷ್ಟು ಜನ ಸೇರುತ್ತಿರಲಿಲ್ಲ. ಜನ ಹದಿನೆಂಟು ವರ್ಷ ಕಾದಿದ್ದರು, ಕಾದದ್ದಕ್ಕೆ ಬೆಲೆಯಿತ್ತು. ಬೇಸರ ತರುವುದು ಆಟವಲ್ಲ, ಗೆದ್ದರೂ ಸೋತರೂ ನಾಳೆಗೆ ನೆನಪಿರದ ಪಂದ್ಯಗಳ ಸಾಲು.

ನಮ್ಮ ಅವಕಾಶ ವೆಚ್ಚ

ಕೊನೆಗೆ ಒಂದು ಸಣ್ಣ ಲೆಕ್ಕ. ಒಂದು ಪಂದ್ಯಕ್ಕೆ ಮೂರೂವರೆ ಗಂಟೆ ಎಂದರೆ 74 ಪಂದ್ಯಗಳಿಗೆ 259 ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಓದಿದರೆ ಅದು ನಾಲ್ಕು ತಿಂಗಳಿಗೂ ಹೆಚ್ಚಿನ ಓದು. ಐಪಿಎಲ್ ಬರುವುದೂ ನಮ್ಮ ಪರೀಕ್ಷೆ ಮತ್ತು ಸಿಇಟಿ ಇರುವ ಕಾಲದಲ್ಲೇ.

ಕ್ರಿಕೆಟ್ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಈ ಸಲ ಐದಾರು ಪಂದ್ಯಗಳನ್ನು ಮೊದಲೇ ಆರಿಸಿಕೊಳ್ಳಿ. ಅವನ್ನು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಪೂರ್ತಿ ನೋಡಿ. ರೀಚಾರ್ಜ್, ಆ್ಯಪ್‌ಗಳ ಗೊಂದಲವನ್ನು ನೀವೇ ಬಗೆಹರಿಸಿ ಕೊಡಿ. ಉಳಿದ ಸಂಜೆಗಳಲ್ಲಿ ಓದು ಮುಗಿದ ಮೇಲೆ ಅರ್ಧ ಗಂಟೆ ಮೈದಾನಕ್ಕೆ ಬಂದು ನೀವೇ ಬ್ಯಾಟ್ ಹಿಡಿಯಿರಿ. ಅಲ್ಲಿ ಓವರ್ ಮುಗಿದರೆ ಜಾಹೀರಾತು ಬರುವುದಿಲ್ಲ.