ಸೈಕಲ್ ಹ್ಯಾಂಡಲ್ ಎಷ್ಟು ಎತ್ತರದಲ್ಲಿರಬೇಕು?

ಕಿರು ಪರೀಕ್ಷೆಯ ಲೆಕ್ಕಶಾಸ್ತ್ರದ ಪೇಪರ್ ವಾಪಸ್ ಕೊಡುವಾಗ ಮೇಡಂ ನನ್ನನ್ನು ನಿಲ್ಲಿಸಿ ಕೇಳಿದರು, "ಮೊದಲ ಎರಡು ಪುಟ ಯಾಕೆ ಕೋಳಿ ಕೆರೆದ ಹಾಗಿದೆ? ಆಮೇಲಿನದು ಚೆನ್ನಾಗಿದೆಯಲ್ಲ?" ಖಾತೆಯ ಗೆರೆಗಳೂ ಸೊಟ್ಟಗಿದ್ದವು. ಅಂಕವೂ ಹೋಗಿತ್ತು. ನಾನು ಸುಮ್ಮನೆ ತಲೆ ತಗ್ಗಿಸಿದೆ. ನಿಜ ಏನೆಂದರೆ, ಬೆಳಿಗ್ಗೆ ಏಳು ಕಿಲೋಮೀಟರ್ ಸೈಕಲ್ ತುಳಿದು ಹಲಗೂರಿಗೆ ಬಂದ ಮೇಲೆ ಅರ್ಧ ಗಂಟೆ ನನ್ನ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು ಹಿಡಿದಿರುತ್ತಿದ್ದವು. ಪೆನ್ನು ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ.

ಸೈನ್ಸ್ ಓದುವ ಗೆಳೆಯನೊಬ್ಬ ಕಾರಣ ಹೇಳಿದ. ಅಂಗೈಯಲ್ಲಿ ಕಿರುಬೆರಳಿನ ಕಡೆಯ ದಿಂಡಿನ ಹತ್ತಿರ, ಮಣಿಕಟ್ಟಿನಲ್ಲಿ ಅಲ್ನರ್ ಎಂಬ ನರ ಹಾದುಹೋಗುತ್ತದೆ. ಕಿರುಬೆರಳು ಪೂರ್ತಿ, ಉಂಗುರ ಬೆರಳು ಅರ್ಧ, ಇವುಗಳ ಸ್ಪರ್ಶ ಆ ನರದ್ದು. ಮೈ ಭಾರವೆಲ್ಲ ಹ್ಯಾಂಡಲ್ ಮೇಲೆ ಬಿದ್ದು ಆ ಜಾಗ ಒತ್ತಿದರೆ ಬೆರಳು ಮರಗಟ್ಟುತ್ತದೆ. ಹೆಚ್ಚು ದೂರ ಸೈಕಲ್ ತುಳಿಯುವವರಲ್ಲಿ ಇದು ಇಡೀ ಜಗತ್ತಿನಲ್ಲಿ ಕಾಣುವ ತೊಂದರೆಯಂತೆ. ಹಾಗಾದರೆ ಮದ್ದು ಬೇಕಿರುವುದು ಕೈಗಲ್ಲ, ಸೈಕಲ್ಲಿಗೆ.

ನನ್ನದು ಮಡಚುವ ಸೈಕಲ್. ಬೆಂಗಳೂರಿನ ಮಾಮು ಮನೆಯಲ್ಲಿ ಜಾಗ ಸಾಲದೆ ಮೂಲೆ ಸೇರಿತ್ತು. ಕನಕಪುರದ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ಮಡಚಿ ತಂದುಕೊಟ್ಟರು. ಮಳೆ ಬಂದರೆ ಈಗಲೂ ನಾನು ಹಾಗೇ ಬಸ್ಸು ಹತ್ತುತ್ತೇನೆ. ಚಕ್ರ 20 ಇಂಚು, ಸಣ್ಣದು. ಆದ್ದರಿಂದ ಹ್ಯಾಂಡಲ್ ಒಂದು ಉದ್ದನೆಯ ಕಂಬದ ಮೇಲೆ ಕೂತಿರುತ್ತದೆ. ಕಂಬದ ಬುಡದಲ್ಲಿ ಮಡಚುವ ಕೀಲು. ನನ್ನ ಕಂಬ ಎರಡು ಕೊಳವೆಯದ್ದು. ಒಳಗಿನ ಕೊಳವೆಯನ್ನು ಮೇಲೆ ಕೆಳಗೆ ಸರಿಸಿ ಲಿವರ್ ಒತ್ತಿದರೆ ಬಿಗಿಯಾಗುತ್ತದೆ. ನಾನು ಉದ್ದ ಇರುವುದರಿಂದ ಸೀಟು ಎತ್ತಿದ್ದೆ, ಹ್ಯಾಂಡಲ್ ಕೆಳಗೇ ಉಳಿದಿತ್ತು. ತಿರುವಿನಲ್ಲಿ ಮಂಡಿಯೂ ಹ್ಯಾಂಡಲ್ಲಿಗೆ ತಾಗುತ್ತಿತ್ತು.

ಮೊದಲು ನಾನು ಮಾಡಿದ್ದು ತಪ್ಪು. ಒಳ ಕೊಳವೆಯ ಮೇಲೆ ಒಂದು ಗೆರೆ ಕೊರೆದು, 'ಇದಕ್ಕಿಂತ ಮೇಲೆ ಎತ್ತಬಾರದು' ಎಂಬ ಅರ್ಥದ ಇಂಗ್ಲಿಷ್ ಅಕ್ಷರ ಬರೆದಿತ್ತು. ಓದಿದ್ದೆ. ಕಂಪನಿಯವರು ಹೆದರಿಸಲು ಬರೆದಿರುತ್ತಾರೆ ಎಂದುಕೊಂಡು ಗೆರೆ ದಾಟಿ ಎರಡು ಬೆರಳಷ್ಟು ಎತ್ತಿದೆ. ಕೈಗೆ ಹಾಯಾಯಿತು. ಒಂದು ವಾರ ಅದೇ ಸೈಕಲ್ಲಿನಲ್ಲಿ ತಂಗಿಯನ್ನು ಹಿಂದೆ ಕೂರಿಸಿಕೊಂಡು ಅರಬ್ಬಿ ಪಾಠಕ್ಕೆ ಬಿಟ್ಟುಬಂದೆ. ಲಾರಿ ಓಡಾಡುವ ಹೆದ್ದಾರಿಯಲ್ಲಿ! ಪಂಕ್ಚರ್ ಹಾಕಿಸಲು ಹೋದಾಗ ಸೈಕಲ್ ಶಾಪ್ ಅಣ್ಣ ಹ್ಯಾಂಡಲ್ ಹಿಡಿದು ಒಮ್ಮೆ ಅಲ್ಲಾಡಿಸಿದರು. ಕೊಳವೆ ಕಟಕಟ ಅಂದಿತು. "ಯಾರ್ಲಾ ಇಷ್ಟು ಎತ್ತಿದ್ದು? ಬ್ರೇಕ್ ಹಾಕ್ದಾಗ ಇದು ಕೈಗೆ ಕಿತ್ಕೊಂಡ್ ಬಂದ್ರೆ ಎಲ್ಲಿಗ್ ಬೀಳ್ತೀಯಾ?" ಅಂದರು. ನನಗೆ ನೆನಪಾದದ್ದು ನಾನಲ್ಲ, ಹಿಂದೆ ಕೂತ ತಂಗಿ. ಮನೆಯಲ್ಲಿ ಅಮ್ಮಿಗೆ ಇವತ್ತಿಗೂ ಹೇಳಿಲ್ಲ. ಈ ಪತ್ರಿಕೆ ಮನೆಗೆ ಹೋದರೆ ಗೊತ್ತಾಗುತ್ತದೆ.

ಗೆರೆಯ ಲೆಕ್ಕ ಹೀಗಿದೆ. ಹ್ಯಾಂಡಲ್ಲನ್ನು 10 ಕೆ.ಜಿ. ಬಲದಲ್ಲಿ ಮುಂದಕ್ಕೆ ತಳ್ಳಿದಿರಿ ಎನ್ನಿ. ಬುಡದ ಕೀಲಿನಿಂದ ಹ್ಯಾಂಡಲ್ 30 ಸೆಂ.ಮೀ. ಮೇಲಿದ್ದರೆ ಕೀಲಿನ ಮೇಲೆ ಬೀಳುವ ಬಾಗಿಸುವ ಬಲ 300. ಅದೇ ಹ್ಯಾಂಡಲ್ 36 ಸೆಂ.ಮೀ. ಎತ್ತರಕ್ಕೆ ಹೋದರೆ 360. ಅಂದರೆ ಶೇ. 20 ಜಾಸ್ತಿ. ಒಂದು ಕಡೆ ಬಲ ಹೆಚ್ಚುತ್ತದೆ, ಇನ್ನೊಂದು ಕಡೆ ಹೊರ ಕೊಳವೆಯೊಳಗೆ ಉಳಿಯುವ ಹಿಡಿತ ಕಡಿಮೆಯಾಗುತ್ತದೆ. ಸಾಲ ಏರುತ್ತಾ ಬಂಡವಾಳ ಇಳಿದ ಅಂಗಡಿಯ ಹಾಗೆ.

ಅಣ್ಣ ತೋರಿಸಿದ ದಾರಿ, ಸ್ಟೆಮ್ ಅಡಾಪ್ಟರ್. ಅಲ್ಯೂಮಿನಿಯಂನ ಒಂದು ಸಣ್ಣ ತುಂಡು, ಎರಡು ತುದಿಗೂ ಕ್ಲಾಂಪ್. ಒಂದು ತುದಿ ಕಂಬದ ತಲೆಯಲ್ಲಿ ಮೊದಲು ಹ್ಯಾಂಡಲ್ ಇದ್ದ ಜಾಗವನ್ನು ಹಿಡಿಯುತ್ತದೆ, ಇನ್ನೊಂದು ತುದಿ ಹ್ಯಾಂಡಲ್ಲನ್ನು. ಕೊಳ್ಳುವ ಮುಂಚೆ ಅಳತೆ ನೋಡಬೇಕು. ಹ್ಯಾಂಡಲ್ ನಡುವಿನ ದಪ್ಪ ಸಾಮಾನ್ಯವಾಗಿ 25.4 ಮಿ.ಮೀ. ಇಲ್ಲವೇ 31.8 ಮಿ.ಮೀ. ಇರುತ್ತದೆ. 31.8ರ ಕ್ಲಾಂಪಿಗೆ 25.4ರ ಹ್ಯಾಂಡಲ್ ಹಾಕಬೇಕಾದರೆ ನಡುವೆ ಅದಕ್ಕೆಂದೇ ಮಾಡಿದ ಲೋಹದ ಬಳೆ ಹಾಕಬೇಕು. ತಗಡು ಸುತ್ತಿ ಬಿಗಿದರೆ ನಡು ದಾರಿಯಲ್ಲಿ ತಿರುಗುತ್ತದೆ.

ನನ್ನ ಅಡಾಪ್ಟರಿನ ಉದ್ದ 6 ಸೆಂ.ಮೀ. ಇದರ ಸೊಗಸು ಇರುವುದು ಕೋನದಲ್ಲಿ. ಪೂರ್ತಿ ಮುಂದಕ್ಕೆ ಮಲಗಿಸಿದೆ. ಮಂಡಿಗೆ ಜಾಗ ಸಿಕ್ಕಿತು, ಬೆರಳಿನ ಜೋಮು ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಇನ್ನಷ್ಟು ಮುಂದಕ್ಕೆ ಬಾಗುತ್ತಿದ್ದೆ. 45 ಡಿಗ್ರಿ ಎತ್ತಿದಾಗ ಮೇಲಕ್ಕೂ ಮುಂದಕ್ಕೂ 4.2 ಸೆಂ.ಮೀ. ಸಿಗುತ್ತದೆ. 60 ಡಿಗ್ರಿಗೆ ತಂದರೆ 5.2 ಮೇಲೆ, 3 ಮುಂದೆ. ನನಗೆ ಒಗ್ಗಿದ್ದು ಇದೇ. ಈಗ ಒಳ ಕೊಳವೆ ಗೆರೆಯಿಂದ ಸಾಕಷ್ಟು ಒಳಗಿದೆ. ಆದರೂ ಕೀಲಿನ ಲೆಕ್ಕ ಬದಲಾಗುವುದಿಲ್ಲ. ಎತ್ತರ ಹೇಗೇ ಬಂದರೂ ಬಲ ಹೆಚ್ಚುತ್ತದೆ. ಅದಕ್ಕೇ ಕೀಲಿನ ಲಿವರ್, ಅದರ ಕೊಂಡಿ ಪೂರ್ತಿ ಕೂತಿದೆಯೇ ಎಂದು ದಿನಾ ಬೆಳಿಗ್ಗೆ ನೋಡುತ್ತೇನೆ, ತಂಗಿಯನ್ನು ಹಿಂದೆ ಕೂರಿಸುವುದನ್ನೂ ಬಿಟ್ಟಿದ್ದೇನೆ. ಅವಳು ಈಗ ನಡೆದು ಹೋಗುತ್ತಾಳೆ, ನನ್ನ ಮೇಲೆ ಸಿಟ್ಟಿದೆ.

ಕೂರಿಸಿದ ಮೇಲೆ ಪರೀಕ್ಷೆ ಮಾಡದೆ ರಸ್ತೆಗೆ ಇಳಿಯಬಾರದು. ಮುಂದೆ ನಿಂತು ಚಕ್ರವನ್ನು ಎರಡು ಮೊಣಕಾಲಿನ ನಡುವೆ ಅಮುಕಿ ಹ್ಯಾಂಡಲ್ ತಿರುಚಿ ನೋಡಿ. ಜಾರಿದರೆ ಬೋಲ್ಟ್ ಸಾಲದು. ಬಿಗಿಯುವಾಗ ಒಂದೇ ಬೋಲ್ಟನ್ನು ಕೊನೆ ತನಕ ತಿರುಗಿಸದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಗಿಯಬೇಕು. ಅಲೆನ್ ಕೀಗೆ ಪೈಪ್ ಸಿಕ್ಕಿಸಿ ಎಳೆದರೆ ಅಲ್ಯೂಮಿನಿಯಂನ ಮರೆ ಕಿತ್ತುಹೋಗುತ್ತದೆ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಎಲ್ಲಾದರೂ ಕಟಕಟ ಬರುತ್ತದೆಯೇ ಕೇಳಿ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎತ್ತರ ಹೆಚ್ಚಾದಾಗ ಬ್ರೇಕ್ ವೈರ್ ಗಿಡ್ಡವಾಗಿ, ತಿರುಗಿಸಿದರೆ ತಾನೇ ಬ್ರೇಕ್ ಹಿಡಿಯಬಹುದು. ನನಗೆ ಹಾಗೇ ಆಗಿ ಉದ್ದದ ವೈರ್ ಹಾಕಿಸಬೇಕಾಯಿತು. ಕೊನೆಗೆ ಒಮ್ಮೆ ಮಡಚಿ. ಹ್ಯಾಂಡಲ್ ಜಾಗ ಬದಲಾದ್ದರಿಂದ ಮಡಚಿದಾಗ ಚಕ್ರಕ್ಕೆ ತಾಗಬಹುದು. ಬಸ್ಸಿನ ಬಾಗಿಲಲ್ಲಿ, ಕಂಡಕ್ಟರ್ ಎದುರು ಇದು ಗೊತ್ತಾಗುವುದು ಒಳ್ಳೆಯದಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು. ನನ್ನ ಸೀಟಿನ ಮೂಗು ಸ್ವಲ್ಪ ಕೆಳಗೆ ಬಾಗಿತ್ತು. ಹಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಕೈ ಅದನ್ನು ತಡೆಯುತ್ತದೆ. ಸೀಟು ಸಮ ಮಾಡಿದ ದಿನವೇ ಅರ್ಧ ಜೋಮು ಹೋಯಿತು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಅಡಾಪ್ಟರ್ ಕೊಳ್ಳುವ ಮುಂಚೆ ಇದನ್ನು ನೋಡಿದ್ದರೆ ಚೆನ್ನಾಗಿತ್ತು.

ಮಡಚುವ ಸೈಕಲ್ ನಮ್ಮ ಕಾಲೇಜಿನಲ್ಲಿ ಇನ್ನಾರ ಬಳಿಯೂ ಇಲ್ಲ, ಗೊತ್ತು. ಆದರೆ 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತಲ್ಲ, ಅಕ್ಕ ಅಣ್ಣಂದಿರ ಆ ಸೈಕಲ್ ಈಗಲೂ ತುಳಿಯುವವರು ನಮ್ಮಲ್ಲಿ ಇದ್ದಾರೆ. ಎಂಟನೇ ತರಗತಿಯಲ್ಲಿ ಸರಿಯಿದ್ದ ಹ್ಯಾಂಡಲ್ ಪಿಯುಸಿಗೆ ಬರುವಷ್ಟರಲ್ಲಿ ತಗ್ಗಾಗಿರುತ್ತದೆ. ಅದಕ್ಕೆ ಅಡಾಪ್ಟರ್ ಬೇಡ. ಹ್ಯಾಂಡಲ್ ಮೇಲಿನ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲ ಮಾಡಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದರೆ ಒಳಗಿನ ಬೆಣೆ ಬಿಡುತ್ತದೆ, ಹ್ಯಾಂಡಲ್ ಮೇಲೇಳುತ್ತದೆ. ಗೆರೆ ಅದರಲ್ಲೂ ಇರುತ್ತದೆ, ತುಕ್ಕಿನ ಕೆಳಗೆ ಹುಡುಕಬೇಕು. ಊಟದ ಬಿಡುವಿನಲ್ಲಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಾನಿರುತ್ತೇನೆ. ಸ್ಪ್ಯಾನರ್ ನನ್ನದು, ಸುತ್ತಿಗೆ ನೀವು ತನ್ನಿ.