ಕೋಟೆ ಊರಿನ ರೂಮು, ಕಡಲೆಕಾಯಿ ಕಾಸು

ಕಂದಾಯದ ಲೆಕ್ಕಕ್ಕೆ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕೂ ಕೋಟೆಗಳ ಸೀಮೆ, ನಾಲ್ಕೂ ಮಳೆ ನಂಬಿದ ಸೀಮೆ. ಹಳ್ಳಿಯಲ್ಲಿ ಹತ್ತನೇ ತರಗತಿ ಮುಗಿಸಿದ ಮಕ್ಕಳು ಪಿಯುಸಿಗೋ ಡಿಗ್ರಿಗೋ ಈ ಊರುಗಳಿಗೆ ಬಂದು ರೂಮು ಹಿಡಿಯುತ್ತಾರೆ. ಈ ಅಂಕಣಕಾರನೂ ಪಾವಗಡದ ಕಡೆಯಿಂದ ಮಧುಗಿರಿಗೆ ಹಾಗೆ ಬಂದವನೇ.

ಒಂದು ಶೀಟಿನ ಮನೆ, ಮೂವರು ಹುಡುಗರು, ಒಂದು ಸೀಮೆಎಣ್ಣೆ ಸ್ಟೌ. ಬಾಡಿಗೆ ಮೂರು ಪಾಲು. ರಾಗಿಹಿಟ್ಟು, ಹುರುಳಿಕಾಳು, ಕಡಲೆಕಾಯಿ ಬೀಜ ಮನೆಯಿಂದ ಬರುತ್ತಿತ್ತು. ಕೊಳ್ಳಬೇಕಾದದ್ದು ಸೊಪ್ಪು, ಈರುಳ್ಳಿ, ಸೀಮೆಎಣ್ಣೆ. ತಿಂಗಳ ಖರ್ಚು ಅಂಕಣಕಾರನ ಮನೆಯವರನ್ನು ಎಂದೂ ಹಣ್ಣು ಮಾಡಲಿಲ್ಲ. ಹಣ್ಣು ಮಾಡಿದ್ದು ಅಡ್ವಾನ್ಸು. ಕಾಲೇಜು ತೆರೆಯುವುದು ಜೂನ್-ಜುಲೈನಲ್ಲಿ. ಅಪ್ಪ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಕಾಸು ಹೊಂದಿಸುತ್ತಿದ್ದುದೂ ಆಗಲೇ. ಗಿಡ ಕಿತ್ತು, ಕಾಯಿ ಬಿಡಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕೈಗೆ ಬರುವುದು ನವೆಂಬರ್ ಹೊತ್ತಿಗೆ.

"ಓದಕ್ಕೆ ಕಳ್ಸಾದು ಕಷ್ಟ ಅಲ್ಲ ಕಣಪ್ಪ, ಜೂನ್ ತಿಂಗ್ಳಾಗೆ ಕಳ್ಸಾದು ಕಷ್ಟ" ಎನ್ನುತ್ತಿದ್ದರು ಅವನ ಅಪ್ಪ. ಈ ಸೀಮೆಯ ವಿದ್ಯಾರ್ಥಿಯ ಹಣಕಾಸಿನ ತಿರುಳು ಆ ಮಾತಿನಲ್ಲೇ ಇದೆ. ಕೈಸಾಲದ ಬಡ್ಡಿ ನೂರಕ್ಕೆ ಮೂರು ಎಂದರೆ ಕೇಳಲು ಹಗುರ, ಆದರೆ ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇ 36. ಹತ್ತು ಸಾವಿರ ಅಡ್ವಾನ್ಸಿಗೆ ಜೂನ್‌ನಲ್ಲಿ ಸಾಲ ತಂದು ನವೆಂಬರ್‌ನಲ್ಲಿ ತೀರಿಸಿದರೂ 1,500 ರೂಪಾಯಿ ಬಡ್ಡಿಗೇ ಹೋಯಿತು. ಮಳೆ ಕೈಕೊಟ್ಟರೆ ಆ ಲೆಕ್ಕ ಮುಂದಿನ ನವೆಂಬರಿಗೆ.

ಇನ್ನು ಊರು. ಅದನ್ನು ನೋಡಲು ಕಾಲಿನಲ್ಲಿ ಕಸುವಿದ್ದರೆ ಸಾಕಿತ್ತು. ಮಧುಗಿರಿ ಬೆಟ್ಟ ಇಡೀ ಒಂದೇ ಬಂಡೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನಲ್ಲಿ ಅದರ ಹೆಸರಿದೆ. ಭಾನುವಾರ ಬೆಳಕು ಹರಿಯುವ ಮೊದಲೇ ಹತ್ತಲು ಶುರುಮಾಡಿದರೆ ಬಂಡೆ ಕಾಯುವ ಮುಂಚೆ ಮೇಲಿರಬಹುದು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ದಾಟುತ್ತ ಹೋದಂತೆ ಮೆಟ್ಟಿಲುಗಳು ಸವೆದು ಬರಿಯ ಕಚ್ಚುಗಳಾಗುತ್ತವೆ. ಕೊನೆಯಲ್ಲಿ ಕಂಬಿ ಹಿಡಿದೇ ಹತ್ತಬೇಕು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅಲ್ಲಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಇಲ್ಲೇ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಬಿಡಿಸಿತು. ಪಠ್ಯದಲ್ಲಿ ಒಂದು ಸಾಲಿಗೆ ಮುಗಿಯುವ ಈ ಕಥೆ, ಆ ಕಡಿದಾದ ಬಂಡೆಯ ಮೇಲೆ ನಿಂತು ಕೆಳಗೆ ನೋಡಿದಾಗ ಬೇರೆಯೇ ತೂಕ ಪಡೆಯುತ್ತದೆ.

ಖರ್ಚು ಶುರುವಾಗುತ್ತಿದ್ದುದು ಪಕ್ಕದ ತಾಲ್ಲೂಕಿಗೆ ಹೊರಟಾಗ. ವಿದ್ಯಾರ್ಥಿ ಪಾಸು ನಡೆಯುವುದು ಗೊತ್ತುಮಾಡಿದ ಮಾರ್ಗದಲ್ಲಿ ಮಾತ್ರ. ಕೊರಟಗೆರೆಯ ಸಿದ್ಧರಬೆಟ್ಟಕ್ಕೋ ಚನ್ನರಾಯನದುರ್ಗಕ್ಕೋ ಹೋಗಬೇಕೆಂದರೆ ಟಿಕೆಟ್ ಕೊಳ್ಳಬೇಕು. ಶಿರಾ ಇನ್ನೂ ದೂರ, ಆದರೆ ಕೊಟ್ಟ ಕಾಸಿಗೆ ಮೋಸವಿಲ್ಲ. 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ, ಕಸ್ತೂರಿ ರಂಗಪ್ಪ ನಾಯಕನ ಕೋಟೆ ಎಲ್ಲವನ್ನೂ ನಡೆದೇ ನೋಡಬಹುದು. 1687ರಲ್ಲಿ ಮೊಗಲರು ಈ ಊರನ್ನು ಸುಬಾದ ರಾಜಧಾನಿ ಮಾಡಿದಾಗ ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಮತ್ತು ಶಿರಾ ಎಂಬ ಏಳು ಪರಗಣೆಗಳ ಕಂದಾಯ ಇಲ್ಲಿಗೆ ಬರುತ್ತಿತ್ತು. ಕೋಲಾರದ ರೈತನ ತೆರಿಗೆಯನ್ನು ಲೆಕ್ಕ ಹಾಕಿದ ಊರಿನಲ್ಲಿ ಇಂದು ವಾಣಿಜ್ಯ ಓದುವ ಎಷ್ಟು ಮಕ್ಕಳಿಗೆ ಈ ಸಂಗತಿ ಗೊತ್ತು? ಮೇಷ್ಟ್ರುಗಳು ಒಮ್ಮೆ ಕರೆದೊಯ್ದು ತೋರಿಸಬಾರದೇ?

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಮಟ್ಟಿಗೆ ಈ ಟಿಕೆಟ್ ಲೆಕ್ಕ ಅಳಿಸಿಹೋಗಿದೆ. ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಿರಾಕ್ಕೂ ಹೋಗಬಹುದು, ಸಂಜೆಗೆ ಮನೆಗೂ ಮರಳಬಹುದು. ಬಸ್ ಸಮಯ ಹೊಂದುವ ಹಳ್ಳಿಯ ಹುಡುಗಿಗೆ ಈಗ ರೂಮೇ ಬೇಡವಾಗಬಹುದು. ಹುಡುಗರು ಎಂದಿನಂತೆ ಚಿಲ್ಲರೆ ಎಣಿಸಬೇಕು.

ಕಾಸು ಯಾವಾಗ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ನಮ್ಮ ಕೋಟೆ ಊರುಗಳದ್ದಷ್ಟೇ ಅಲ್ಲ. ಇಂಗ್ಲೆಂಡಿನ ಡರ್ಹಮ್‌ನಲ್ಲಿ ವಿದ್ಯಾರ್ಥಿಗಳು ಕೋಟೆಯೊಳಗೇ ವಾಸಿಸುತ್ತಾರೆ; 1837ರಲ್ಲಿ ಅದು ವಿಶ್ವವಿದ್ಯಾಲಯದ ಕೈಗೆ ಬಂತು. ಅಂಥ ಊರಿಗೆ ಓದಲು ಹೊರಟವರು, 2025ರ ಜನವರಿಯಲ್ಲಿ ಬಂದ ವೀಸಾ ನಿಯಮದಂತೆ, ತಿಂಗಳಿಗೆ 1,136 ಪೌಂಡ್‌ನಂತೆ 9 ತಿಂಗಳ ಜೀವನವೆಚ್ಚ ಖಾತೆಯಲ್ಲಿದೆ ಎಂದು ತೋರಿಸಬೇಕಿತ್ತು. ಆ ಹಣ 28 ದಿನ ಸತತವಾಗಿ ಅಲ್ಲೇ ಇರಬೇಕು. ಅಲ್ಲಿಯೂ ಎಷ್ಟಿದೆ ಎಂಬುದಷ್ಟೇ ಸಾಲದು, ಯಾವಾಗ ಇತ್ತು ಎಂಬುದನ್ನೂ ಕೇಳುತ್ತಾರೆ.

ಪಾವಗಡದ ಕೆಲವು ಮನೆಗಳಲ್ಲಿ ಈ 'ಯಾವಾಗ' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. ರೈತರಿಂದ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಐದು ಎಕರೆ ಕೊಟ್ಟವರಿಗೆ ಮೊದಲ ವರ್ಷವೇ 1,05,000. ಮಳೆ ಬರಲಿ ಬಿಡಲಿ ಆ ಹಣ ಬರುತ್ತದೆ. ಮಗಳ ಫೀಸಿಗೆ ಕಡಲೆಕಾಯಿ ದರ ಕಾಯಬೇಕಿಲ್ಲ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಈ ಗುತ್ತಿಗೆಯಲ್ಲಿ ಪಾಲಿಲ್ಲ. ಅವರ ಮಕ್ಕಳಿಗೆ ಉಳಿದಿರುವುದು ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನ.

ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ವಿದ್ಯಾಸಿರಿ ಜಾರಿಗೆ ಬಂದಾಗ ಊಟ, ವಸತಿಗೆ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ನಿಗದಿಯಾಯಿತು. ಇಂಥ ಹಣ ಬಾಡಿಗೆ ಕೊಡುವ ದಿನಕ್ಕೆ ಸರಿಯಾಗಿ ಬರುತ್ತದೆಂದು ನೆಚ್ಚಬಾರದು. ಪರೀಕ್ಷೆ ಹೊತ್ತಿಗೆ ಇಡಿಗಂಟಾಗಿ ಬಿದ್ದಾಗ ಮೊಬೈಲ್ ಅಂಗಡಿ ಕಣ್ಣಿಗೆ ಬೀಳುತ್ತದೆ. ಅಂಕಣಕಾರನ ರೂಮಿನವರು ಆಗ ಮಾಡಿದ್ದು ಇಷ್ಟು: ತಡವಾಗಿ ಬಂದ ವಿದ್ಯಾರ್ಥಿವೇತನವನ್ನು ಕಳೆದ ವರ್ಷದ ಹಣ ಎಂದುಕೊಳ್ಳದೆ ಬರುವ ಜೂನ್‌ನ ಹಣ ಎಂದುಕೊಂಡು ಅಂಚೆ ಕಚೇರಿಗೆ ಹಾಕಿದರು. ಮುಂದಿನ ವರ್ಷ ಬಡ್ಡಿ ಸಾಲದ ಮನೆಗೆ ಯಾರೂ ಹೋಗಲಿಲ್ಲ. ಇಂದಿಗೂ ಅಂಚೆ ಉಳಿತಾಯ ಖಾತೆಗೆ 500 ರೂಪಾಯಿ ಸಾಕು, ಬಡ್ಡಿ ಶೇ 4. ಆರ್.ಡಿ. ಬಡ್ಡಿ ಹೆಚ್ಚು, ನಿಜ. ಆದರೆ ಅದು 5 ವರ್ಷದ ಕಟ್ಟು, ಪಿಯುಸಿ ಹುಡುಗನಿಗೆ ಹೊಂದದು.

ಬರುವ ಜೂನ್‌ಗೆ ಮಕ್ಕಳನ್ನು ಕಳಿಸುವವರು ಬೇಸಿಗೆಯಲ್ಲೇ ಬ್ಯಾಂಕಿಗೆ ಹೋಗಿ ಮಗುವಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳಿ. ಜೋಡಣೆಯಿಲ್ಲದ ಖಾತೆಗೆ ವಿದ್ಯಾರ್ಥಿವೇತನ ಬೀಳುವುದಿಲ್ಲ. ಮಧುಗಿರಿ, ಶಿರಾದ ಮನೆ ಮಾಲೀಕರಲ್ಲಿ ಇನ್ನೊಂದು ಕೋರಿಕೆ. ರೈತರ ಮಕ್ಕಳಿಂದ ಅಡ್ವಾನ್ಸನ್ನು ಎರಡು ಕಂತಿನಲ್ಲಿ ತೆಗೆದುಕೊಳ್ಳಿ: ಅರ್ಧ ಜೂನ್‌ನಲ್ಲಿ, ಉಳಿದರ್ಧ ಕಡಲೆಕಾಯಿ ಮಂಡಿಗೆ ಹೋದ ಮೇಲೆ.