ಎಳೆಯ ಮಕ್ಕಳ ಶ್ವಾಸಕೋಶದ ಸೋಂಕು: ವೈರಾಣುಗಳ ಪಾತ್ರ

ಶ್ವಾಸನಾಳದ ಕವಲುಗಳಿಂದ ಗಾಳಿಚೀಲಗಳವರೆಗಿನ ಭಾಗಕ್ಕೆ ತಗಲುವ ಸೋಂಕನ್ನು ಕೆಳ ಶ್ವಾಸಾಂಗದ ಸೋಂಕೆನ್ನುತ್ತಾರೆ. ನ್ಯುಮೋನಿಯಾ ಹಾಗೂ ಎಳೆಗೂಸುಗಳ ಬ್ರಾಂಕಿಯೋಲೈಟಿಸ್ ಇದರ ಮುಖ್ಯ ರೂಪಗಳು. ವೈರಾಣುವಿನಿಂದ ಬರುವುದು ನೆಗಡಿ ಮಾತ್ರ, ಆಸ್ಪತ್ರೆ ಸೇರಿಸುವಂತಹ ಕಾಯಿಲೆಗೆ ಬ್ಯಾಕ್ಟೀರಿಯಾವೇ ಕಾರಣ ಎಂಬ ನಂಬಿಕೆ ನಮ್ಮ ಗ್ರಾಮಗಳಲ್ಲಿ ಬಲವಾಗಿದೆ. ನಾನೂ ಹಾಗೆಯೇ ನಂಬಿದ್ದೆನು. ನಾಲ್ಕು ತಿಂಗಳ ಮಗಳು ಆಸ್ಪತ್ರೆಗೆ ದಾಖಲಾದಾಗ ಆಕೆಗೆ ಆಮ್ಲಜನಕ ಮತ್ತು ದ್ರವಾಹಾರ ಮಾತ್ರ ನೀಡಲಾಗುತ್ತಿತ್ತು. ಬಲವಾದ ಇಂಜೆಕ್ಷನ್ ಏಕೆ ಕೊಡುತ್ತಿಲ್ಲವೆಂದು ವೈದ್ಯರನ್ನು ಎರಡು ಬಾರಿ ಕೇಳಿದೆನು. ಇದು ವೈರಾಣುವಿನ ಸೋಂಕು, ಆ್ಯಂಟಿಬಯೋಟಿಕ್ ಇದನ್ನು ಮುಟ್ಟುವುದಿಲ್ಲ ಎಂದರು. ಐದನೆಯ ದಿನ ಮಗು ಮನೆಗೆ ಬಂದಿತು.

ಅನಂತರ ಓದಿದಾಗ ತಿಳಿದ ಸಂಗತಿಗಳಿವು. ಬಾಂಗ್ಲಾದೇಶ, ಥಾಯ್ಲೆಂಡ್ ಹಾಗೂ ಆಫ್ರಿಕಾದ ಐದು ದೇಶಗಳಲ್ಲಿ ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ನಡೆದ 'ಪರ್ಚ್' ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎಚ್‌ಐವಿ ಸೋಂಕಿಲ್ಲದ, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡುಬಂದ ಮಕ್ಕಳಲ್ಲಿ ಸುಮಾರು ಶೇ 61ರಷ್ಟಕ್ಕೆ ವೈರಾಣುಗಳೂ ಶೇ 27ರಷ್ಟಕ್ಕೆ ಬ್ಯಾಕ್ಟೀರಿಯಾಗಳೂ ಕಾರಣವೆಂದು ಅಂದಾಜಿಸಲಾಗಿದೆ. ಆರ್‌ಎಸ್‌ವಿ ಎಂಬ ಒಂದೇ ವೈರಾಣುವಿನ ಪಾಲು ಸುಮಾರು ಶೇ 31. ವಯಸ್ಕರ ಚಿತ್ರ ಇಷ್ಟು ಸ್ಪಷ್ಟವಲ್ಲ. ಅಮೆರಿಕದಲ್ಲಿ 2010ರಿಂದ 2012ರವರೆಗೆ ನಡೆದ ಅಧ್ಯಯನದಲ್ಲಿ ಶೇ 62ರಷ್ಟು ವಯಸ್ಕ ರೋಗಿಗಳಲ್ಲಿ ಯಾವ ರೋಗಾಣುವೂ ಪತ್ತೆಯಾಗಲಿಲ್ಲ. ಪತ್ತೆಯಾದವುಗಳಲ್ಲಿ ರೈನೋ ವೈರಾಣು ಮತ್ತು ಇನ್‌ಫ್ಲುಯೆಂಜಾ ಮುಂದಿದ್ದವು.

ದೊಡ್ಡವರಿಗೆ ನೆಗಡಿಯಷ್ಟೇ ತರುವ ಆರ್‌ಎಸ್‌ವಿ ಎಳೆಗೂಸನ್ನು ಉಸಿರುಗಟ್ಟಿಸುವುದೇಕೆ? ಇಂಜಿನಿಯರಿಂಗ್ ತರಗತಿಯಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಪ್ವಾಸೆಯ್ ನಿಯಮ ನನಗೆ ಅರ್ಥವಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಸಮನಾದ ಹರಿವಿರುವ ಕೊಳವೆಯ ವ್ಯಾಸ ಅರ್ಧವಾದರೆ ಪ್ರತಿರೋಧ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಮಗುವಿನ ಕಿರುನಾಳಗಳು ಮೊದಲೇ ಅತಿ ಸಪೂರ. ವೈರಾಣು ಅವುಗಳ ಒಳಪದರದ ಕೋಶಗಳನ್ನು ನಾಶಪಡಿಸುತ್ತದೆ. ಊತ, ಲೋಳೆ, ಸತ್ತ ಕೋಶಗಳು ಸೇರಿ ದಾರಿ ಕಟ್ಟುತ್ತವೆ. ಆಗ ಮಗು ಬೇಗಬೇಗನೆ ಉಸಿರಾಡುತ್ತದೆ, ಪಕ್ಕೆ ಒಳಗೆ ಸೆಳೆಯುತ್ತದೆ, ದಣಿದು ಹಾಲು ಬಿಡುತ್ತದೆ. ಆರ್‌ಎಸ್‌ವಿಯನ್ನೇ ಕೊಲ್ಲುವ ಔಷಧ ನಿತ್ಯದ ಚಿಕಿತ್ಸೆಯಲ್ಲಿಲ್ಲ. ದೇಹ ಸೋಂಕನ್ನು ಗೆಲ್ಲುವವರೆಗೆ ಆಮ್ಲಜನಕವೂ ದ್ರವವೂ ಕಾಯುತ್ತವೆ.

ಆದ್ದರಿಂದ ಆ್ಯಂಟಿಬಯೋಟಿಕ್ ಬೇಡವೆಂದು ಯಾರೂ ಹಟ ಹಿಡಿಯಬಾರದು. ಹೊರನೋಟಕ್ಕೆ ಎರಡೂ ಬಗೆಯ ನ್ಯುಮೋನಿಯಾ ಒಂದೇ ತೆರ. ಇನ್‌ಫ್ಲುಯೆಂಜಾ, ದಡಾರಗಳ ಬೆನ್ನಿಗೇ ಬ್ಯಾಕ್ಟೀರಿಯಾ ಸೋಂಕು ತಗಲುವುದೂ ಉಂಟು. ಹೀಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡತಕ್ಕದ್ದು. ತಪ್ಪಿರುವುದು ಅಂಗಡಿಯಿಂದ ತಾವೇ ತಂದು ಎರಡು ದಿನ ಕುಡಿಸಿ ಕಾಯುವುದರಲ್ಲಿ. ನಾವು ಕೆಮ್ಮಿನ ಸಿರಪ್ ಕುಡಿಸುತ್ತಾ ಕಳೆದ ಎರಡು ದಿನಗಳೂ ಅಂಥವೇ. ಮಗಳ ಉಸಿರನ್ನು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ಎಣಿಸುವುದು ಕಷ್ಟವಲ್ಲ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಉಸಿರು ಕಂಡರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಪಕ್ಕೆ ಸೆಳೆತ, ತುಟಿ ನೀಲಿಗಟ್ಟುವಿಕೆ, ಹಾಲು ಕುಡಿಯಲಾಗದಿರುವಿಕೆ, ಎಬ್ಬಿಸಿದರೂ ಏಳದಿರುವಿಕೆ ಇವುಗಳಲ್ಲಿ ಒಂದಿದ್ದರೂ, ಎಣಿಕೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಎಣಿಕೆಯ ತರಬೇತಿ ಇದೆ. ಮುಂದಿನ ತಾಯಂದಿರ ಸಭೆಯಲ್ಲಿ, ಗಡಿಯಾರ ಹಿಡಿದು, ತಂದೆಯರನ್ನೂ ಕೂರಿಸಿಕೊಂಡು ಇದನ್ನು ಮಾಡಿ ತೋರಿಸುವಂತೆ ಅವರನ್ನು ಕೋರಲಾಗಿದೆ.